ಸೀಸದ ತುದಿ

ಬಸ್ಸಿನ ಹಿಂದಿನ ಗಾಲಿಯ ನಟ್ಟು ಬಿಗಿ ಮಾಡುವಾಗ ಡ್ರೈವರ ಹುಲಿಗೆಪ್ಪನ ಅಂಗೈ ಕಿತ್ತು ಬರುತ್ತಿತ್ತು. ಮೈಯ ಭಾರವನ್ನೆಲ್ಲ ನಟ್ಟು ತಿರುವುವ ಪಾನಾದ ಮೇಲೆ ಹಾಕಿ ನಿಂತರೂ ನಟ್ಟು ಬೋಲ್ಟನ್ನು ಹಿಡಿಯುತ್ತಿದ್ದದ್ದು ಎರಡೋ ಮೂರೋ ಸುತ್ತು ಮಾತ್ರ. ಕೊಪ್ಪಳ ಬಿಟ್ಟು ಕುಕನೂರು ಮುಟ್ಟುವುದರೊಳಗೆ ಅದೂ ಸಡಿಲ. ಗಾಡಿ ನಿಲ್ಲಿಸಿ, ಮಂದಿಯ ಬೈಗುಳ ತಿನ್ನುತ್ತ, ಬಿಸಿಲಿಗೆ ಕಾದ ಕಬ್ಬಿಣವನ್ನು ಮತ್ತೆ ತಿರುವಬೇಕು.

ತಪ್ಪು ಅವನ ತೋಳಿನದಲ್ಲ. ಯುದ್ಧ ಮುಗಿದ ಮೇಲೆ ಬಸ್ಸಿನ ಮಾಲಕರಾದ ಕೊಟ್ರಬಸಪ್ಪ ಸಾಹುಕಾರರು ಮಿಲಿಟರಿ ಲಾರಿಯ ಗಾಲಿಗಳನ್ನು ಹರಾಜಿನಲ್ಲಿ ಅಗ್ಗಕ್ಕೆ ಹಿಡಿದು ತಂದಿದ್ದರು. ಅವುಗಳ ನಡುವಿನ ಕಬ್ಬಿಣದ ತಟ್ಟೆ ದಪ್ಪ, ಬಸ್ಸಿನ ಬೋಲ್ಟು ಗಿಡ್ಡ. ತಟ್ಟೆಯನ್ನು ದಾಟಿ ನಟ್ಟಿನೊಳಗೆ ತಲೆ ಹಾಕುವುದರೊಳಗೆ ಬೋಲ್ಟು ಮುಗಿದೇ ಹೋಗುತ್ತಿತ್ತು. ಉದ್ದನ್ನ ಬೋಲ್ಟು ಹಾಕಿಸಬೇಕೆಂದರೆ ಕೆಲವು ದಿನ ಬಸ್ಸು ನಿಲ್ಲಬೇಕು. ಬಸ್ಸು ನಿಲ್ಲುವುದೆಂದರೆ ಸಾಹುಕಾರರಿಗೆ ಮನೆಯಲ್ಲಿ ಹೆಣ ಬಿದ್ದಷ್ಟು ಸಂಕಟ. ನಿಜವಾದ ಹೆಣ ಬಿದ್ದಾಗ ಅಷ್ಟು ಸಂಕಟ ಆಗಲಿಲ್ಲ ಅನ್ನುವುದನ್ನೂ ನಾವು ಕಂಡೆವು.

ಹೋದ ಸುಗ್ಗಿಯಲ್ಲಿ ಅವರದೇ ಇನ್ನೊಂದು ಬಸ್ಸಿನ ಗಾಲಿ ಇಟಗಿ ದಾರಿಯ ಇಳಿಜಾರಿನಲ್ಲಿ ಕಳಚಿ, ಬಸ್ಸಿಗಿಂತ ಮುಂದೆ ಓಡಿತು. ಅದಕ್ಕೆ ಸಿಕ್ಕಿ ಬಳೆ ಮಾರುವ ಹಜರತಬೀ ಸತ್ತಳು. ಡ್ರೈವರ ಕನಕಪ್ಪ ನಟ್ಟು ಬಿಗಿ ಮಾಡಿರಲಿಲ್ಲ ಅಂತ ಸಾಹುಕಾರರೇ ಹೋಗಿ ಸಾಕ್ಷಿ ಹೇಳಿ ಬಂದರು. ಬಸ್ಸು ಪಾಸಾಗಿತ್ತು, ಪಾಸಾದ ಬಸ್ಸಿನಲ್ಲಿ ತಪ್ಪು ಎಲ್ಲಿಂದ ಬರಬೇಕು? ಕನಕಪ್ಪ ಜೇಲಿನಲ್ಲಿ ಕಲ್ಲು ಒಡೆಯುತ್ತಿದ್ದ.

ಬಸ್ಸು ಪಾಸಾಗುವ ಬಗೆಯನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ತಪಾಸಣೆ ಸಾಹೇಬರು ರೈಲಿನಲ್ಲಿ ಕೊಪ್ಪಳಕ್ಕೆ ಬರುತ್ತಿದ್ದರು. ಭಾರಿ ಶಿಸ್ತಿನ ಮನುಷ್ಯ. ಒಂದೊಂದು ನಟ್ಟಿನ ಮೇಲೂ ಬೆರಳಾಡಿಸುವರು. ಬೋಲ್ಟಿನ ತುದಿ ನಟ್ಟಿನಿಂದ ಹೊರಗೆ ಬಂದು ಬೆರಳಿಗೆ ತಾಕಬೇಕು, ತಾಕಿತೋ, ಪಾಸು. ಪಾನಾ ಹಿಡಿದು ತಿರುವಿ ನೋಡುವುದು ಕೂಲಿಯವರ ಕೆಲಸ ಎಂದು ಅವರ ಅಭಿಪ್ರಾಯ. ಅದಕ್ಕೇ ಸಾಹೇಬರು ಬರುವ ಹಿಂದಿನ ದಿನ ಫಿಟ್ಟರ್ ಶಫೀಸಾಬ ಸೀಸ ಕರಗಿಸಿ, ನಟ್ಟಿನ ಖಾಲಿ ಬಾಯಿಗೆ ಹೊಯ್ದು, ಅರ ಹಾಕಿ ಉಜ್ಜಿ, ಮೇಲೆ ಕಪ್ಪು ಗ್ರೀಸು ಬಳಿಯುತ್ತಿದ್ದ. ನೋಡಿದರೆ ಥೇಟು ಬೋಲ್ಟಿನ ತುದಿ. ಹಜರತಬೀ ಸತ್ತ ಮೇಲೆ ಈ ಕೆಲಸ ಒಲ್ಲೆ ಅಂದನಂತೆ. ಒಲ್ಲದವರು ಮನೆಯಲ್ಲಿರಬಹುದು, ಬೇಕೆನ್ನುವವರು ಊರ ತುಂಬ ಇದ್ದಾರೆ ಅಂದರಂತೆ ಸಾಹುಕಾರರು. ಶಫೀಸಾಬ ಸೀಸ ಕರಗಿಸಿದ.

ಆ ಸಲವೂ ಸಾಹುಕಾರರ ಅಡತಿ ಅಂಗಡಿಯ ಮುಂದೆ ಸಾಹೇಬರು ಬೆರಳಾಡಿಸಿದರು. ಮುಂದಿನ ಗಾಜಿಗೆ ಪಾಸಿನ ಕಾಗದ ಅಂಟಿತು. ಊಟಕ್ಕೆ ಹೋಳಿಗೆ ಇತ್ತು.

ಪಾಸಾದ ಬಸ್ಸಿನ ಮೊದಲ ಓಟ ಹುಲಿಗಿಗೆ, ಅಮ್ಮನ ದರ್ಶನಕ್ಕೆ, ಪುಕ್ಕಟೆ. ಇದು ಸಾಹುಕಾರರು ಹಾಕಿದ ಪದ್ಧತಿ. ಬಸ್ಸಿನಲ್ಲಿ ಡ್ರೈವರು, ಕ್ಲೀನರು, ಹಮಾಲರ ಹೆಂಡಿರು ಮಕ್ಕಳು. ಸಾಹುಕಾರರ ಮನೆಯವರು ಹಿಂದಿನಿಂದ ಕೊಲ್ಲಾರಿ ಬಂಡಿಯಲ್ಲಿ. ಬಡವರನ್ನು ಬಸ್ಸಿನಲ್ಲಿ ಕೂಡಿಸಿ ತಾವು ಎತ್ತಿನ ಬಂಡಿಯಲ್ಲಿ ಹೋಗುವ ದೊಡ್ಡ ಮನಸ್ಸನ್ನು ಊರೆಲ್ಲ ಹೊಗಳುತ್ತಿತ್ತು. ನಾವೂ ಹೊಗಳಿದವರೇ.

ಹುಲಿಗೆಪ್ಪನ ಹೆಂಡತಿ ಹೊಳಿಯಮ್ಮ ಕೂಸಿಗೆ ಮೊಲೆ ಕೊಡುತ್ತ ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲೇ ಕುಳಿತಿದ್ದಳು. ಹುಲಿಗೆಪ್ಪ ಬಸ್ಸು ಚಾಲೂ ಮಾಡುವ ಹ್ಯಾಂಡಲು ತಿರುವಲು ಹೋದವನು ತಿರುವಲಿಲ್ಲ. ಹೆಂಡತಿ ಕಡೆ ನೋಡಿದ, ಗಾಲಿಯ ಕಡೆ ನೋಡಿದ. ಹ್ಯಾಂಡಲು ಹಿಡಿದೇ ಅಂಗಡಿಯ ಕಟ್ಟೆಗೆ ಬಂದ.

"ಸಾವ್ಕಾರ್ರ, ಈ ಸಲ ಅವ್ವಾರನ್ನೂ ಬಸ್ಸಿನ್ಯಾಗ ಕರಕೊಂಡು ಹೊಕ್ಕೀನ್ರಿ."

ಸಾಹುಕಾರರು ಬಾಯಿ ತೆರೆಯುವ ಮೊದಲೇ ಅವರ ತಾಯಿ ಫಕೀರಮ್ಮ ಬಂಡಿಯ ಕಡೆಯಿಂದ ತಿರುಗಿ ಬಂದಳು. "ಪುಣ್ಯಾ ಬರಲೆಪಾ ನಿನಗ. ಆ ಬಂಡ್ಯಾಗ ಕುಂತು ಕುಂತು ನನ್ನ ನಡಾ ಬಿದ್ದು ಹೋಗೇತಿ," ಅಂದು ಸೀರೆ ಎತ್ತಿಕಟ್ಟಿ ಬಸ್ಸು ಹತ್ತಿಯೇಬಿಟ್ಟಳು. ಹೊಳಿಯಮ್ಮ ಸರಿದು ಜಾಗ ಕೊಟ್ಟಳು.

ಸಾಹುಕಾರರು ಕಟ್ಟೆ ಇಳಿದು ಓಡಿಬಂದದ್ದನ್ನು ನಾವು ಕಂಡದ್ದು ಅದೇ ಮೊದಲು.

"ಯವ್ವಾ, ಇಳಿ."

"ಯಾಕೋ? ಪಾಸಾಗೇತಿ ಅಂದೆಲ್ಲಾ?"

"ಪಾಸಾಗೇತಿ. ನೀ ಇಳಿ ಮೊದಲ."

"ಇಷ್ಟ ಮಂದಿ ಕುಂತಾರ, ನಾನೊಬ್ಬಾಕಿ ಭಾರ ಆದ್ನೇನು?"

ಎಣ್ಣೆ ವಾಸನೆಗೆ ತಲೆ ತಿರುಗುತ್ತದೆ ಅಂದರು. ತಿರುಗಲಿ ಅಂದಳು. ರಾಹುಕಾಲ ಅಂದರು. ಇವರಿಗೆ ಬ್ಯಾರೆ ರಾಹು ಅದಾನೇನು ಅಂತ ಮುದುಕಿ ಕೇಳಿದಳು. ಕೊನೆಗೆ ಸಾಹುಕಾರರು ಒಳಗೆ ಹತ್ತಿ, ರಟ್ಟೆ ಹಿಡಿದು, ಹೆತ್ತವಳನ್ನು ಕೆಳಗೆ ಇಳಿಸಿಕೊಂಡು ಬಂದರು.

ಹುಲಿಗೆಪ್ಪ ಕೈಮುಗಿದು, ಊಟ ಮುಗಿಸಿ ಹೊರಟು ನಿಂತಿದ್ದ ಸಾಹೇಬರನ್ನು ಕರೆದ. "ನೀವರ ಬರ್ರಿ ಸಾಹೇಬ್ರ. ಟೇಶನ್ ಮುಂದ ಇಳಸ್ತೀನಿ. ನೀವ ಪಾಸ್ ಮಾಡಿದ ಗಾಡಿ ಐತಿ."

ಸಾಹೇಬರು ಗಾಲಿಯನ್ನು ಈಗ ಬಹಳ ಹೊತ್ತು ನೋಡಿದರು. ಆಮೇಲೆ, ಟಾಂಗಾ ಆಗಲೇ ಹೇಳಿಯಾಗಿದೆ, ಕುದುರೆಯನ್ನು ಸುಮ್ಮನೆ ನಿಲ್ಲಿಸಿದರೆ ಪಾಪ ಬರುತ್ತದೆ ಅಂದರು. ಯಾರೋ ಕಿಸಕ್ಕನೆ ನಕ್ಕರು.

ಶಫೀಸಾಬ ಎದ್ದು ಬಂದ. ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಚಾಕುವಿನ ಮೊನೆಯಿಂದ ಒಂದೊಂದೇ ತುದಿ ಎಬ್ಬಿಸಿ ತೆಗೆದ. ಹೊಳೆಯುವ ಸೀಸದ ಬಿಲ್ಲೆಗಳನ್ನು ಸಾಹೇಬರ ಬೂಟಿನ ಮುಂದೆ ಸುರಿದ.

"ನಾನ ಹೊಯ್ದಿದ್ನಿ, ನಾನ ತಗದೀನ್ರಿ. ಹಜರತಬೀ ಸತ್ತ ಗಾಡಿಗೂ ಹಿಂಗ ಹೊಯ್ದಿದ್ನಿ. ಕನಕಪ್ಪಂದೇನೂ ತಪ್ಪಿಲ್ಲ."

ಸಾಹೇಬರಿಗೆ ಸಿಟ್ಟು ಬಂತು. ಸರಕಾರ ಪಾಸು ಮಾಡಿದ ಗಾಡಿಯನ್ನು ಕೆಡಿಸುವುದು ಅಪರಾಧ ಎಂದರು. ಕಾಗದ ಅಂಟಿಯಾಗಿದೆ, ಇನ್ನು ಬರುವ ವರ್ಷದವರೆಗೆ ಈ ಬಸ್ಸು ನಪಾಸಾಗಲು ಬರುವುದಿಲ್ಲ ಎಂದರು. ಹುಲಿಗೆಪ್ಪನ ತೋಳಿನ ಡ್ರೈವರ ಲೈಸೆನ್ಸಿನ ಬಿಲ್ಲೆಯನ್ನು ಬಿಚ್ಚಿಸಿಕೊಂಡು ಟಾಂಗಾ ಹತ್ತಿದರು.

ಹೊಳಿಯಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದಳು. ಅವಳ ಹಿಂದೆ ಉಳಿದವರೂ ಇಳಿದರು. "ಬರ್ರೆವ್ವಾ, ಕಾಲ ಅದಾವು, ನಡಕೊಂಡು ಹೋಗೂಣು," ಅಂದಳು ಹೊಳಿಯಮ್ಮ. ಹಮಾಲರು ಗಂಟುಗಳನ್ನು ಹೆಗಲಿಗೇರಿಸಿದರು. ಫಕೀರಮ್ಮ ಮಗನ ಮುಖ ನೋಡುತ್ತ ನಿಂತಿದ್ದಳು.

ಸಾಹುಕಾರರು ಹುಲಿಗೆಪ್ಪನ ಕೈಯಿಂದ ಹ್ಯಾಂಡಲು ಕಸಿದು ಇನ್ನೊಬ್ಬ ಡ್ರೈವರ ಹುಚ್ಚೀರಪ್ಪನ ಮುಂದೆ ಹಿಡಿದರು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಕ್ಲೀನರ ವಿರುಪಣ್ಣನ ಮುಂದೆ ಹಿಡಿದರು. ಅವನೂ ಕಟ್ಟಿಕೊಂಡ. ಹಿಡಿದ ಕಡೆಯಲ್ಲೆಲ್ಲ ಕೈಗಳು ಹಿಂದೆ ಹೋದವು.

ಕಾಯಿದೆಯ ಪ್ರಕಾರ ಅದು ರಸ್ತೆಗೆ ಯೋಗ್ಯವಾದ ಬಸ್ಸು. ಓಡಿಸುವವರು ಇರಲಿಲ್ಲ, ಕೂರುವವರೂ ಇರಲಿಲ್ಲ.