ಎಂಟನೆಯ ಇನಿಂಗ್ಸಿನಲ್ಲಿ ಎತ್ತಿದ ಕೈ

ಓಡೆಲ್ ಕ್ರೈಡರ್ ಹಿಂದಿನ ಎರಡು ಬೇಸ್‌ಬಾಲ್ ಪಂದ್ಯಗಳಲ್ಲಿ ಎದುರಾಳಿಗಳಿಗೆ ಚೆಂಡು ಹೊಡೆದು ಬೇಸ್ ಮುಟ್ಟುವ ಒಂದೇ ಒಂದು ಹಿಟ್ ಕೊಟ್ಟಿರಲಿಲ್ಲ. ಮೂರನೆಯದರಲ್ಲೂ ಕೊಡದಿದ್ದರೆ ಅದು ವಿಶ್ವದಾಖಲೆ ಎಂದು ಪೇಟೆಯಿಂದ ಬಂದ ಪತ್ರಿಕೆಯವನು ಬೆಳಿಗ್ಗೆಯೇ ಸಾರಿಬಿಟ್ಟಿದ್ದ. ದೊಡ್ಡ ಲೀಗಿನಲ್ಲಾಗಲಿ ಸಣ್ಣದರಲ್ಲಾಗಲಿ ಚೆಂಡೆಸೆಯುವ ಯಾವ ಪಿಚರ್ ಕೂಡ ಹಾಗೆ ಮಾಡಿದ್ದಿಲ್ಲವಂತೆ. ಹಾಗಾಗಿ ಆ ಭಾನುವಾರ ಮಿಲ್ಬರ್ನ್ ಕ್ರೀಕ್‌ನ ಕಲ್ಲಿದ್ದಲು ಗಣಿಯವರೆಲ್ಲ ಚರ್ಚಿನಿಂದ ನೇರ ಮೈದಾನಕ್ಕೆ ಬಂದಿದ್ದರು. ಪಾದ್ರಿಯೂ ಪ್ರವಚನವನ್ನು ಮೊಟಕುಮಾಡಿ ಬಂದಿದ್ದರು.

ಇಂಥ ಪಂದ್ಯ ನಡೆಯುವಾಗ ಪಿಚರ್‌ನ ಜೊತೆ ತಂಡದವರು ಮಾತಾಡುವ ಹಾಗಿಲ್ಲ. ಮಾತಾಡಿದರೆ ಅದೃಷ್ಟ ಕೈಕೊಡುತ್ತದೆ. ಬೆಂಚಿನ ಮೇಲೆ ಅವನ ಪಕ್ಕ ಯಾರೂ ಕೂರುವುದಿಲ್ಲ, ನೀರು ಕೊಡುವವನೂ ಲೋಟ ಇಟ್ಟು ಸರಿದುಬಿಡುತ್ತಾನೆ. ನೆಲದಡಿಯಲ್ಲಿ ಡೈನಮೈಟ್ ಸಿಡಿಸಲು ಹೆದರದ ಗಂಡಸರು ಒಂದು ಮಾತಿಗೆ ಹೀಗೆ ಹೆದರುವುದನ್ನು ಕಂಡರೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ವರ್ಜಿಲ್ ಸ್ಟ್ಯಾಂಪರ್‌ಗೆ ನಲವತ್ತು ಹತ್ತಿರವಾಗಿತ್ತು. ಕುಕ್ಕರಗಾಲಲ್ಲಿ ಕೂತು ಕೂತು ಮೊಣಕಾಲು ಸವೆದಿದ್ದವು, ದೊಡ್ಡ ಲೀಗಿನ ಕನಸು ಎಂದೋ ಮಣ್ಣುಪಾಲಾಗಿತ್ತು. ಗಣಿಯಲ್ಲಿ ಸಲಿಕೆ ಹಿಡಿದಿದ್ದ ಓಡೆಲ್‌ನನ್ನು ಎಳೆದುತಂದು ಪಿಚರ್ ಮಾಡಿದವನು ಅವನೇ. ದಾಖಲೆಯಾದರೆ ಎಸೆದವನ ಜೊತೆಗೆ ಹಿಡಿದವನ ಹೆಸರೂ ಪತ್ರಿಕೆಯಲ್ಲಿ ಬರುತ್ತದೆ. ಈ ಆಸೆಯನ್ನು ವರ್ಜಿಲ್ ಹೆಂಡತಿಗೂ ಹೇಳಿರಲಿಲ್ಲ.

ಆರನೆಯ ಇನಿಂಗ್ಸ್ ಮುಗಿದಾಗ ಮ್ಯಾನೇಜರ್ ಹೋಬರ್ಟ್ ವರ್ಜಿಲ್‌ನನ್ನು ಬೆಂಚಿನ ಹಿಂದಕ್ಕೆ ಕರೆದ. ಟಿಕೆಟ್ ಕೋಣೆಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ನ್ಯುಮೋನಿಯಾದಿಂದ ಮಲಗಿದ್ದ ಓಡೆಲ್‌ನ ತಾಯಿ ಬೆಳಿಗ್ಗೆ ಗೆಲುವಾಗಿದ್ದು, ಆಡಿ ಬಾ ಎಂದು ಮಗನನ್ನು ತಾವೇ ಕಳಿಸಿದ್ದರು. ಈಗ ಉಸಿರು ಕೈಕೊಡುತ್ತಿತ್ತು, ಮಗನನ್ನು ಕೇಳುತ್ತಿದ್ದರು. ಗುಡ್ಡ ದಾಟಿದರೆ ಅರ್ಧ ಗಂಟೆಯ ದಾರಿ.

"ಹೇಳೋದೋ ಬಿಡೋದೋ ನೀನೇ ನೋಡು. ನಿನ್ನ ಮಾತಾದ್ರೆ ಕೇಳ್ತಾನೆ" ಎಂದು ಹೋಬರ್ಟ್ ತನ್ನ ತಲೆಯ ಮೇಲಿನ ಹೊರೆಯನ್ನು ಅವನ ತಲೆಗೆ ದಾಟಿಸಿ ಹೊರಟುಹೋದ.

ವರ್ಜಿಲ್ ಓಡೆಲ್‌ಗೆ ಸುದ್ದಿ ತಿಳಿಸದೆ ಮುಖಕ್ಕೆ ಜಾಲರಿ ಕಟ್ಟಿಕೊಂಡ. ಒಂಬತ್ತರಲ್ಲಿ ಇನ್ನು ಮೂರೇ ಇನಿಂಗ್ಸ್, ಪಿಚರ್‌ನನ್ನು ಮಾತಾಡಿಸಬಾರದು, ಇದು ನಾನು ಮಾಡಿದ ಕಟ್ಟಳೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು. ಕಟ್ಟಳೆಯ ಮರೆಯಲ್ಲಿ ನಿಂತಿದ್ದುದು ಅವನ ಆಸೆ, ಅದು ಅವನಿಗೂ ತಿಳಿದಿತ್ತು. ಏಳನೆಯ ಇನಿಂಗ್ಸ್ ಹಾಗೇ ಕಳೆಯಿತು.

ಎಂಟನೆಯದರಲ್ಲಿ ಮನಸ್ಸು ತಡೆಯಲಿಲ್ಲ. ಆಟ ನಿಲ್ಲಿಸುವಂತೆ ಅಂಪೈರಿಗೆ ಹೇಳಿ, ಪಿಚರ್ ನಿಲ್ಲುವ ದಿಬ್ಬದ ಕಡೆ ನಡೆದ. ಹೇಳಿಬಿಡುತ್ತೇನೆ, ದಾಖಲೆ ಹಾಳಾಗಿಹೋಗಲಿ ಎಂದು ನಿಜಕ್ಕೂ ನಿರ್ಧರಿಸಿದ್ದ. ಅರ್ಧ ದಾರಿಯಲ್ಲಿ ಓಡೆಲ್ ಅಂಗೈ ಎತ್ತಿದ. ನಗುತ್ತಾ ತಲೆಯಾಡಿಸಿದ. ಏನೂ ಹೇಳಬೇಡ, ವಾಪಸ್ ಹೋಗು.

ವರ್ಜಿಲ್ ನಿಂತ. ಎದೆ ಹಗುರಾಯಿತು. ಹೌದು, ಹಗುರಾಯಿತು, ಆ ಕ್ಷಣದ ಆ ಹಗುರವನ್ನು ಅವನು ಸಾಯುವವರೆಗೂ ಕ್ಷಮಿಸಿಕೊಳ್ಳಲಿಲ್ಲ. ತಿರುಗಿ ಬಂದು ಮತ್ತೆ ಕುಕ್ಕರಗಾಲಲ್ಲಿ ಕೂತ.

ಒಂಬತ್ತನೆಯ ಇನಿಂಗ್ಸಿನ ಕೊನೆಯ ಬ್ಯಾಟುಗಾರ ಗಾಳಿಗೆ ಬೀಸಿದ, ಚೆಂಡು ವರ್ಜಿಲ್‌ನ ಕೈಗವಸಿಗೆ ಬಂದು ಬಿತ್ತು. ಊರಿಗೆ ಊರೇ ಮೈದಾನಕ್ಕೆ ನುಗ್ಗಿ ಓಡೆಲ್‌ನನ್ನು ಹೆಗಲ ಮೇಲೆ ಹೊತ್ತಿತು. ಆ ಗದ್ದಲದಲ್ಲಿ ವರ್ಜಿಲ್ ಅವನ ಕಾಲು ಹಿಡಿದು ಕೆಳಗಿಳಿಸಿ, ಕಿವಿಯಲ್ಲಿ ಸುದ್ದಿ ಹೇಳಿ, ತನ್ನ ಟ್ರಕ್ಕಿಗೆ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಓಡೆಲ್ "ಬೇಗ, ಬೇಗ" ಅನ್ನುವುದು ಬಿಟ್ಟು ಬೇರೇನೂ ಆಡಲಿಲ್ಲ.

ತಾಯಿ ಹೋಗಿ ಹತ್ತು ನಿಮಿಷವಾಗಿತ್ತು. ಕೊನೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದರು, ಫೋನ್ ಮಾಡಿ ಬಹಳ ಹೊತ್ತಾಗಿತ್ತಲ್ಲ ಎಂದು ನರ್ಸ್ ಹೇಳಿದಳು.

ಓಡೆಲ್ ಮಣ್ಣು ಮೆತ್ತಿದ ಅಂಗಿಯಲ್ಲೇ ಹೊರಗೆ ಬಂದ. ವರ್ಜಿಲ್ ಗೋಡೆಗೆ ಒರಗಿ ನಿಂತಿದ್ದ.

"ಫೋನ್ ಯಾವಾಗ ಬಂತು?"

"ಆರನೇ ಇನಿಂಗ್ಸ್ ಮುಗಿದಾಗ."

ಓಡೆಲ್ ತನ್ನ ಬಲಗೈಯನ್ನೇ ನೋಡುತ್ತಾ, ತಗ್ಗಿದ ದನಿಯಲ್ಲಿ ಕೇಳಿದ. "ಎಂಟನೇದ್ರಲ್ಲಿ ನನ್ ಹತ್ರ ಬರ್ತಿದ್ಯಲ್ಲ, ಇದನ್ನ ಹೇಳೋಕಾ?"

ಆಗ ಹೊರಟಿದ್ದರೂ ತಾಯಿ ಸಿಗುತ್ತಿದ್ದರು. ಹೌದೆಂದರೆ ಪಾಪದ ಅರ್ಧ ಭಾರ ಈ ಹುಡುಗನ ಮೇಲೆ ಬೀಳುತ್ತದೆ. ತಾನೇ ಕೈ ಎತ್ತಿ ತಡೆದೆನೆಂದು ಬದುಕಿಡೀ ಕೊರಗುತ್ತಾನೆ.

"ಇಲ್ಲ ಕಣೋ. ಚೆಂಡು ಸ್ವಲ್ಪ ಕೆಳಗೆ ಹಾಕು ಅನ್ನೋಕೆ ಬಂದಿದ್ದೆ."

ಓಡೆಲ್ ತಲೆಯೆತ್ತಿದ. ಅವನ ಮುಖದಲ್ಲಿದ್ದ ಭಯ ಹೋಗಿ ಅಸಹ್ಯ ತುಂಬಿಕೊಂಡಿತು.

"ನಾಳೆ ಪೇಪರ್ನಲ್ಲಿ ನಿನ್ ಹೆಸರೂ ಬರುತ್ತೆ, ಮುದ್ಕ. ಓದ್ಕೊಂಡು ಖುಷಿಪಡು" ಎಂದು ತಾಯಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ವರ್ಜಿಲ್ ಆ ಬಾಗಿಲನ್ನು ತಟ್ಟಲಿಲ್ಲ.