ರೆಕ್ಕೆಯ ಮೇಲಿನ ಕೊಳೆ

ಯುದ್ಧವಿಮಾನವೊಂದು ಎಷ್ಟು ಕೊಳಕಾಗಿರಬೇಕು ಎಂಬ ಗಹನವಾದ ಪ್ರಶ್ನೆಯನ್ನು ಬ್ರಿಟಿಷ್ ಸಾಮ್ರಾಜ್ಯ ತನ್ನ ವೈಭವದ ದಿನಗಳಲ್ಲೂ ಇತ್ಯರ್ಥ ಮಾಡಿರಲಿಲ್ಲ. ಸಾಮ್ರಾಜ್ಯ ಮುಗಿದ ಮೇಲೆ, 1968ರ ಜೂನ್ ತಿಂಗಳಲ್ಲಿ, ಸಫೋಕ್ ಸೀಮೆಯ ಹಳೆಯ ವಿಮಾನದಾಣವೊಂದರಲ್ಲಿ ಆ ಹೊಣೆ ಸಿರಿಲ್ ಕ್ಯಾಟರ್‌ಮೋಲ್‌ನ ಹೆಗಲಿಗೆ ಬಿತ್ತು.

ಸಿರಿಲ್ ಯುದ್ಧದ ಕಾಲದಲ್ಲಿ ಸ್ಪಿಟ್‌ಫೈರ್ ವಿಮಾನದ ಮೆಕ್ಯಾನಿಕ್ಕು. ಆಮೇಲಿನ ಇಪ್ಪತ್ತಮೂರು ವರ್ಷ ಟ್ರ್ಯಾಕ್ಟರುಗಳ ಮೆಕ್ಯಾನಿಕ್ಕು. ಯುದ್ಧದ ಸಿನಿಮಾ ತೆಗೆಯಲು ಬಂದವರು ಒಂದು ಸ್ಪಿಟ್‌ಫೈರನ್ನು ಅವನ ವಶಕ್ಕೆ ಒಪ್ಪಿಸಿದ್ದರು. ಅವನು ಬೆಳಿಗ್ಗೆ ಆರಕ್ಕೆ ಬಂದು ರೆಕ್ಕೆಗೆ ಮೇಣ ಹಚ್ಚಿ ಉಜ್ಜುವನು. ಎಂಟಕ್ಕೆ ಕಲಾವಿಭಾಗದ ಪ್ರೂ ಎಂಬ ಹುಡುಗಿ ಬಣ್ಣದ ಬಕೆಟ್ಟು ಹಿಡಿದು ಬಂದು ಅದೇ ರೆಕ್ಕೆಗೆ ಮಸಿ, ಕೆಸರು, ಎಣ್ಣೆಜಿಡ್ಡು ಎಲ್ಲವನ್ನೂ ಬಳಿಯುವಳು. ಹೀಗೆ ಹನ್ನೊಂದು ದಿನ ನಡೆದಿತ್ತು.

"ಇಷ್ಟು ಫಳಫಳ ಅಂದ್ರೆ ಜನ ನಂಬಲ್ಲ, ಮಿಸ್ಟರ್ ಕ್ಯಾಟರ್‌ಮೋಲ್. ಅಂಗಡಿಯಿಂದ ತಂದ ಆಟದ ಸಾಮಾನು ಅಂತಾರೆ."

"ಮೇಣ ತಿಕ್ಕಿದ್ರೆ ಗಂಟೆಗೆ ಐದು ಮೈಲಿ ಹೆಚ್ಚಿಗೆ ಓಡ್ತಿತ್ತು ಕಣಮ್ಮ. ಆ ಐದು ಮೈಲೀಲೇ ನಮ್ಮ ಪೈಲಟ್ ಮನೆಗೆ ಬರ್ತಿದ್ದ."

"ಈಗ ಅವನು ಹಾರ್ಬೇಕಾಗಿರೋದು ಕ್ಯಾಮೆರಾ ಹೊತ್ತ ವಿಮಾನದಷ್ಟೇ ನಿಧಾನಕ್ಕೆ, ತಾತ," ಎಂದು ಪ್ರೂ ಮಸಿ ಬಳಿದಳು.

ತಾತ ಅನ್ನಿಸಿಕೊಂಡದ್ದನ್ನು ಸಿರಿಲ್ ನುಂಗಿಕೊಂಡ. ನುಂಗಲಾಗದ ಸಂಗತಿ ಬೇರೆ ಇತ್ತು. ಯುದ್ಧದಲ್ಲಿ ಹೆಂಡಂದಿರನ್ನು ವಿಮಾನದಾಣದ ಗೇಟಿನ ಒಳಗೆ ಬಿಡುತ್ತಿರಲಿಲ್ಲ; ಅವನ ಕೈಕೆಲಸವನ್ನು ಹೆಂಡತಿ ಎನಿಡ್ ಒಂದು ದಿನವೂ ಕಂಡವಳಲ್ಲ. "ಸಿನಿಮಾದಲ್ಲಿ ನೋಡುವೆಯಂತೆ, ಆ ರೆಕ್ಕೇಲಿ ಮುಖ ನೋಡ್ಕೊಂಡು ತಲೆ ಬಾಚಬಹುದು," ಎಂದು ಅವಳಿಗೆ ಮಾತು ಕೊಟ್ಟುಬಿಟ್ಟಿದ್ದ. "ನಮ್ಮ ಅಡಿಗೆಮನೆ ಕಿಟಕೀಲಿ ಹೊರಗೆ ಏನಿದೆ ಅಂತಲೇ ಕಾಣಲ್ಲ," ಎಂದಿದ್ದಳು ಎನಿಡ್. ಆದರೂ ತಂಗಿ ಮೇವಿಸ್‌ಗೆ ಆಗಲೇ ಹೇಳಿಟ್ಟಿದ್ದಳು.

ಹನ್ನೆರಡನೆಯ ದಿನ ಹತ್ತು ಗಂಟೆಗೆ ವಿಮಾನ ಮೇಲೇರುವುದನ್ನು ಚಿತ್ರಿಸಿಕೊಂಡರು. ಅಷ್ಟರಲ್ಲಿ ಮೋಡ ಕವಿಯಿತು. ಪೈಲಟ್ ಸುಮ್ಮನೆ ಇಳಿದು ಬಂದ. ಇಡೀ ತಂಡ ಚಹಾ ಕುಡಿಯಲು ಡೇರೆಗೆ ಹೋಯಿತು. ಇಳಿಯುವ ದೃಶ್ಯ ಇನ್ನೂ ಬಾಕಿ ಇದೆಯೆಂದು ಸಿರಿಲ್‌ಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಾರಿ ಬಂದ ವಿಮಾನವನ್ನು ತೊಳೆಯಬೇಕು ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು. ತೊಳೆದ. ಮೇಣ ಹಚ್ಚಿದ. ಎರಡು ಗಂಟೆಗೆ ಬಿಸಿಲು ಬಂದಾಗ ಎಡರೆಕ್ಕೆಯನ್ನು ನೇರವಾಗಿ ನೋಡುವುದು ಕಷ್ಟವಾಗಿತ್ತು.

ಸಹಾಯಕ ನಿರ್ದೇಶಕ ಫೆನ್‌ವಿಕ್ ನೋಡಿದ. ಮೂರಡಿ ದೂರದಲ್ಲಿದ್ದ ಸಿರಿಲ್‌ನೊಂದಿಗೆ ಧ್ವನಿವರ್ಧಕದಲ್ಲೇ ಮಾತಾಡಿದ.

"ಕೊಳಕಾಗಿ ಮೇಲೆ ಹೋಗಿದ್ದು ಮಡಿಯಾಗಿ ಕೆಳಗೆ ಬರತ್ತೇನ್ರೀ? ಮೋಡದ ಮೇಲೆ ಯಾವ ಅಗಸ ಅಂಗಡಿ ಇಟ್ಟಿದಾನೆ?"

"ಯುದ್ಧದಲ್ಲಿ ಹೀಗೇ..."

"ಯುದ್ಧ ಮುಗೀತ್ರೀ! ಸಿನಿಮಾ ಮುಗಿದಿಲ್ಲ!"

ಬೆಳಿಗ್ಗೆ ಇದ್ದ ಕೊಳೆಯನ್ನು ಬೆಳಿಗ್ಗೆ ಇದ್ದಂತೆಯೇ ಮತ್ತೆ ಬಳಿಯಬೇಕಾಯಿತು. ಗುರುತಿಗೆಂದು ತೆಗೆದಿಟ್ಟ ಫೋಟೋದಲ್ಲಿ ನಾಯಕನ ಮೀಸೆ ಸೊಗಸಾಗಿ ಬಂದಿತ್ತು, ರೆಕ್ಕೆ ಬಂದಿರಲಿಲ್ಲ. ಪ್ರೂ ಕುಂಚ ಹಿಡಿದು ನೆನಪಿಸಿಕೊಂಡಳು. "ರೆಕ್ಕೆಯ ಬುಡದಲ್ಲಿ ಎರಡು ಬೂಟಿನ ಗುರುತು..."

"ಮೂರು," ಎಂದುಬಿಟ್ಟ ಸಿರಿಲ್.

ಎಲ್ಲರೂ ತಿರುಗಿದರು. ನಾಲಗೆ ಕಚ್ಚಿಕೊಂಡರೂ ತಪ್ಪು ಲೆಕ್ಕವನ್ನು ಕೇಳಿಕೊಂಡು ಸುಮ್ಮನಿರುವುದು ಅವನ ಕಸುಬಿನಲ್ಲಿರಲಿಲ್ಲ. ಒಂದೊಂದು ಕಲೆಯನ್ನೂ ಒಂದೊಂದು ಬೈಗುಳದೊಂದಿಗೆ ಉಜ್ಜಿ ತೆಗೆದವನಿಗೆ ಅವೆಲ್ಲ ಬಾಯಿಪಾಠವಾಗಿದ್ದವು. ಫೆನ್‌ವಿಕ್ ಧ್ವನಿವರ್ಧಕ ಕೆಳಗಿಟ್ಟು, ಪ್ರೂಳ ಕೈಯಿಂದ ಕುಂಚ ತೆಗೆದು ಸಿರಿಲ್‌ನ ಕೈಗೆ ಕೊಟ್ಟ.

ಸಿರಿಲ್ ಬಳಿದ. ಮಸಿಯ ನಾಲ್ಕು ಪಟ್ಟೆ, ಕೆಸರಿನ ಒಂಬತ್ತು ಹನಿ, ಬೂಟು ಮೂರು. ಕೊನೆಗೆ ಎಣ್ಣೆ ಸೋರಿದ ಗುರುತಿನ ಹತ್ತಿರ ಬಂದು ಕೈ ನಿಂತಿತು.

"ಇಲ್ಲಿ ಎಣ್ಣೆಯ ಕೊಳವೆಯೇ ಇಲ್ಲ ಕಣಮ್ಮ. ಎಲ್ಲಿಂದ ಸೋರತ್ತೆ?"

"ನಂಗೇನು ಗೊತ್ತು? ಖಾಲಿ ಕಾಣ್ತಿತ್ತು, ಬಳಿದೆ," ಎಂದಳು ಪ್ರೂ. "ಬೆಳಿಗ್ಗೆ ಇತ್ತಲ್ಲ, ಇರಲೇಬೇಕು."

ಬಾರದ ಎಣ್ಣೆಯನ್ನು ಇಲ್ಲದ ಕೊಳವೆಯಿಂದ ಸೋರಿಸಿದ. ಯುದ್ಧದಲ್ಲಿ ಇಷ್ಟು ಕೊಳೆ ಅಂಟಿಸಿಕೊಂಡು ಅವನ ವಿಮಾನ ಯಾವತ್ತೂ ಇಳಿದಿರಲಿಲ್ಲ. ಬಳಿದವನು ಬೇರೆಯವನಾಗಿದ್ದರೆ ಸಾರ್ಜೆಂಟನಿಗೆ ದೂರು ಕೊಡಬಹುದಿತ್ತು.

ಮರುವರ್ಷ ಸಿನಿಮಾ ಇಪ್ಸ್‌ವಿಚ್ ಪಟ್ಟಣದ ಟಾಕೀಸಿಗೆ ಬಂತು. ಸಿರಿಲ್ ಟೈ ಕಟ್ಟಿಕೊಂಡು ಎನಿಡ್ ಮತ್ತು ಮೇವಿಸ್ ನಡುವೆ ಕೂತ. ಮುಕ್ಕಾಲು ಗಂಟೆಯ ಮೇಲೆ ಅವನ ವಿಮಾನ ಇಳಿಯಿತು. ಎಡರೆಕ್ಕೆ ಪರದೆಯ ತುಂಬ ಬಂತು.

"ಇದೇನಾ?" ಎಂದಳು ಎನಿಡ್. "ಒಂದ್ಸಲ ಒರೆಸಬಾರದಿತ್ತಾ?"

ರೆಕ್ಕೆ ನಾಲ್ಕು ಸೆಕೆಂಡು ಇತ್ತು. ಕಲೆಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು.