ಬಲ್ಬಿಗೆ ಬಂದುಹೋಗುವವರು

ಅಪ್ಪ ಬದುಕಿದ್ದಾಗ ಒಂದು ಕಡೆ ಕೂತವರಲ್ಲ. "ಕಾಲು ಸುಟ್ಟ ಬೆಕ್ಕು" ಎಂದು ಅಮ್ಮ ಬೈಯುತ್ತಿದ್ದಳು. ಹೊರಗೆ ಹೋಗುವರು, ಏನೋ ಮರೆತೆನೆಂದು ಒಳಗೆ ಬರುವರು, ಮರೆತದ್ದೇನೆಂಬುದನ್ನೂ ಮರೆತು ಮತ್ತೆ ಹೋಗುವರು. ಸತ್ತ ಮೇಲಾದರೂ ಸುಮ್ಮನಿರಬಾರದೇ?

ಅವರು ಹೋದ ಮೇಲೆ ಅನ್ನ, ಮಾತು ಎರಡನ್ನೂ ಬಿಟ್ಟಿದ್ದ ಅಮ್ಮ ಒಂದು ಸಂಜೆ ನಡುಮನೆಯ ಬಲ್ಬು ನೋಡಿ, "ಬಂದ್ರು" ಎಂದಳು. ಬಲ್ಬು ಕೊಂಚ ಬೆಳಗಿತ್ತು. ತುಸು ಹೊತ್ತಿಗೆ ಮಂಕಾಯಿತು. "ಹೋದ್ರು." ಅಂದಿನಿಂದ ಊಟ ಸೇರಿತು, ಮಾತು ಮರಳಿತು, ಹಿಂದೆಯೇ ಜಗಳವೂ. ಮಗಳು ಎಲ್‌ಇಡಿ ತಂದರೆ ಹಾಕಗೊಡಲಿಲ್ಲ. ಅದಕ್ಕೆ ಅಪ್ಪ ಬರುವುದಿಲ್ಲವಂತೆ.

ಮಗಳ ದುರದೃಷ್ಟಕ್ಕೆ, ಅವಳ ಕಸುಬೇ ಕರೆಂಟಿನ ಏರಿಳಿತ ನೋಡಿಕೊಳ್ಳುವ ರಿಲೇಗಳನ್ನು ಪರೀಕ್ಷಿಸಿ ಸರಿಪಡಿಸುವುದು. ಒಂದು ಬೆಳಿಗ್ಗೆ, ಅವರ ಮನೆಗೂ ಕರೆಂಟು ಕೊಡುವ ಸಬ್‌ಸ್ಟೇಷನ್ನಿನ ಆಪರೇಟರ್ ಕರೆಸಿದ್ದ.

"ನೋಡಿ ಮೇಡಂ, ಈ ರಿಲೇ ಟ್ರಾನ್ಸ್‌ಫಾರ್ಮರ್‌ಗೆ ಉಸಿರಾಡೋಕೂ ಬಿಡಲ್ಲ. ವೋಲ್ಟೇಜು ಏರಿಸು ಅನ್ನುತ್ತೆ, ಇಳಿಸು ಅನ್ನುತ್ತೆ, ಮತ್ತೆ ಏರಿಸು ಅನ್ನುತ್ತೆ. ಕಾಲು ಸುಟ್ಟ ಬೆಕ್ಕು!"

ಅವಳ ಕೈಯಲ್ಲಿದ್ದ ವೈರು ಜಾರಿತು.

ತಪ್ಪು ಸರಳ. ವೋಲ್ಟೇಜಿನ ಎಷ್ಟು ಹೆಚ್ಚುಕಡಿಮೆಯನ್ನು ಸಹಿಸಬೇಕೆಂದು ರಿಲೇಗೆ ಹೇಳಿಡುವ ಗುಂಡಿಯೊಂದಿದೆ. ಆ ಸಹನೆ, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಟ್ಯಾಪ್ ಚೇಂಜರಿನ ಒಂದು ಮೆಟ್ಟಿಲಿಗಿಂತ ಕಿರಿದಾದರೆ, ಹತ್ತಿದರೆ ಜಾಸ್ತಿ, ಇಳಿದರೆ ಕಮ್ಮಿ, ನೆಮ್ಮದಿಯೆಂಬುದೇ ಇಲ್ಲ. ಅಪ್ಪ ತೀರಿಕೊಂಡ ತಿಂಗಳೇ ಈ ರಿಲೇ ಕೂರಿಸಿದ್ದ ಪುಣ್ಯಾತ್ಮ, ಗುಂಡಿಯನ್ನು ತೀರಾ ಬಿಗಿದಿಟ್ಟಿದ್ದ.

"ಹೀಗೇ ಬಿಟ್ರೆ?" ಎಂದಳು, ಉತ್ತರ ಗೊತ್ತಿದ್ದೂ.

"ಒಳಗಿನ ಕಾಂಟ್ಯಾಕ್ಟು ಸವೆದು ಸುಟ್ಟುಹೋಗುತ್ತೆ. ಆಮೇಲೆ ಆಸ್ಪತ್ರೆ ಸಮೇತ ಎಲ್ಲಾ ಕತ್ತಲೆ. ಯಾಕ್ ಮೇಡಂ, ಬೆಕ್ಕಿನ ಮೇಲೆ ಕನಿಕರಾನಾ?"

"ನಮ್ಮನೇ ಬೆಕ್ಕು."

ಅವನು ನಕ್ಕ. ಅವಳು ಗುಂಡಿ ತಿರುಗಿಸಿದಳು. ಟೆಸ್ಟ್ ಕಿಟ್ಟಿನಿಂದ ವೋಲ್ಟೇಜನ್ನು ಮೆಲ್ಲಗೆ ತಗ್ಗಿಸಿದಳು. 'ಏರಿಸು' ದೀಪ ಸರಿಯಾದ ಕಡೆ ಹತ್ತಿತು. ಹೆಚ್ಚಿಸಿದಳು; 'ಇಳಿಸು' ದೀಪ. ನಡುವೆ ಎರಡೂ ಆರಿದ್ದವು. ಇಷ್ಟು ಅಚ್ಚುಕಟ್ಟಾದ ಕೆಲಸದ ಮೇಲೆ ಅವಳಿಗೆ ಹಿಂದೆಂದೂ ಸಿಟ್ಟು ಬಂದಿರಲಿಲ್ಲ. ರಿಲೇಯನ್ನು ಮರಳಿ ಜೋಡಿಸಿದಾಗ ಟ್ಯಾಪ್ ಚೇಂಜರಿನ ಮೋಟಾರು ಒಮ್ಮೆ ಗುರುಗುಟ್ಟಿ, ಸುಮ್ಮನಾಯಿತು.

ಸಂಜೆ ಅಮ್ಮ ಬಲ್ಬಿನ ಕೆಳಗೆ ಕೂತಿದ್ದಳು. ಮಗಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ಕುಕ್ಕರ್ ಕೂಗಿತು, ಪಕ್ಕದ ಮನೆಯ ಪಂಪು ಶುರುವಾಗಿ ನಿಂತಿತು. ಬಲ್ಬು ಮಿಟುಕಲಿಲ್ಲ.

"ಅಮ್ಮಾ, ಒಂದ್ ವಿಷಯ ಹೇಳ್ಬೇಕು..."

"ಶ್! ಮೆತ್ತಗೆ ಮಾತಾಡೇ. ಕೂತ್ಕೊಂಡಿದಾರೆ." ಅಮ್ಮನ ಮುಖದಲ್ಲಿ ಮದುಮಗಳ ನಾಚಿಕೆ. "ಮದುವೆಯಾದಾಗಿಂದ ಇವತ್ತೇ ಮೊದಲು."

ಬಲ್ಬು ಮಿಟುಕಿದ್ದರೆ ಕಾರಣ ಹೇಳಬಹುದಿತ್ತು. ಮಿಟುಕದ ಬಲ್ಬಿಗೆ ಏನೆಂದು ಹೇಳುವುದು? ಮಗಳು ಚಪ್ಪಲಿ ಬಿಟ್ಟು ಅಪ್ಪನ ಕುರ್ಚಿಯತ್ತ ಹೋದಳು.

"ಅಲ್ಲಿ ಬೇಡ," ಎಂದಳು ಅಮ್ಮ.

ಮಗಳು ನೆಲದ ಮೇಲೆ ಕೂತಳು. "ಊಟ ಹಾಕ್ಲಾ?" ಎಂದು ಗಟ್ಟಿಯಾಗಿಯೇ ಕೇಳಬೇಕೆಂದಿದ್ದಳು, ಬಂದದ್ದು ಪಿಸುಮಾತು.